ಒಂಟಿ ಸೀಟಿನ ದೋಣಿಗೆ ನಾಲ್ಕು ಹೋಲ್ಡರ್

ತೊಂದರೆಯ ಮೂಲ ಎರಡು ಕಪ್ಪು ಪ್ಲಾಸ್ಟಿಕ್ ಕೊಳವೆಗಳು. ಒಂದೊಂದೂ ಗೇಣುದ್ದ. ಮೇಲ್ತುದಿಯಲ್ಲಿ ಅಗಲವಾದ ಅಂಚು, ಅಂಚಿನಲ್ಲಿ ಮೂರು ಸ್ಕ್ರೂ ತೂತು. ಗಾಳದ ಕೋಲನ್ನು ಕೈಯಲ್ಲಿ ಹಿಡಿದು ಕೂರುವ ಬದಲು ಇದರೊಳಗೆ ಇಳಿಬಿಟ್ಟರೆ ಕೋಲು ತಾನೇ ನಿಲ್ಲುತ್ತದೆ. ಅಂಗಡಿಯಲ್ಲಿ ಅದಕ್ಕೆ ರಾಡ್ ಹೋಲ್ಡರ್ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ಗುಮಾಸ್ತ ಮೊದಲ ಗಿರಾಕಿಯಾಗಿ ಒಳಗೆ ಹೋದ.

ಅವನು ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವನು. ವಾರದ ಆರು ದಿನ ಜನ ದೊಡ್ಡ ಬೋರ್ಡಿನ ಕೆಳಗೇ ನಿಂತು, ಬೋರ್ಡಿನ ಮೇಲಿರುವುದನ್ನೇ ಅವನನ್ನು ಕೇಳುತ್ತಿದ್ದರು. ಹೇಳಿದರೆ, "ಖಂಡಿತಾನಾ?" ಎನ್ನುತ್ತಿದ್ದರು. ಖಂಡಿತ ಎಂದರೆ ಪಕ್ಕದವರತ್ತ ತಿರುಗಿ, "ಇವರು ಹೇಳೋದು ನಿಜಾನಾ?" ಎಂದು ವಿಚಾರಿಸುತ್ತಿದ್ದರು. ಹದಿನೇಳು ವರ್ಷ ಹೀಗೆ ಕಳೆದ ಮೇಲೆ ಅವನಿಗೆ ಒಂದೇ ಆಸೆ ಉಳಿದಿತ್ತು. ಯಾರೂ ಏನೂ ಕೇಳದ, ಯಾರೂ ಏನೂ ಹೇಳದ ಜಾಗದಲ್ಲಿ ಎರಡು ಗಂಟೆ ಕೂರಬೇಕು.

ಅದಕ್ಕಾಗಿಯೇ ಹಿಂದಿನ ವಾರ ಯಾರೋ ಬಳಸಿ ಬಿಟ್ಟ ಕಯಾಕ್ ಕೊಂಡಿದ್ದ. ಎರಡೂ ತುದಿ ಚೂಪಾದ, ಹಸಿರು ಬಣ್ಣದ ಪ್ಲಾಸ್ಟಿಕ್ ದೋಣಿ. ಒಬ್ಬರೇ ಕೂರುವಂಥದು. "ಒಬ್ಬರೇ" ಎಂಬ ಮಾತನ್ನು ಮಾರುವವನ ಬಾಯಿಂದ ಎರಡು ಸಲ ಹೇಳಿಸಿಕೊಂಡು ಆಮೇಲೆ ಒಪ್ಪಿದ್ದ. ಮೀನಿನ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಆದರೆ ಗಂಡಸೊಬ್ಬ ನೀರಿನ ಮಧ್ಯೆ ಸುಮ್ಮನೆ ಕೂತರೆ ಜನ ಗಾಬರಿಯಾಗುತ್ತಾರೆ. ಪಕ್ಕದಲ್ಲಿ ಗಾಳದ ಕೋಲಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಕೋಲನ್ನು ಕೈಯಲ್ಲಿ ಹಿಡಿದರೆ ಅದೂ ಒಂದು ಕೆಲಸವಾಯಿತು. ಹೋಲ್ಡರಿಗೆ ಸಿಕ್ಕಿಸಿಬಿಟ್ಟರೆ ಎರಡೂ ಕೈ ತೊಡೆಯ ಮೇಲೆ.

ಇದೆಲ್ಲ ಆಗಬೇಕಾದದ್ದು ಅವತ್ತೇ. ಕೆರೆಗೆ ದೋಣಿ ಬಿಡುವುದು ಭಾನುವಾರ ಮಾತ್ರ. ನಾಲ್ಕಕ್ಕೆ ಕಾವಲುಗಾರ ಗೇಟು ಹಾಕುತ್ತಾನೆ, ಒಳಗಿದ್ದವರು ಆರಕ್ಕೆ ಹೊರಗೆ ಬರಬೇಕು. ಇನ್ನೊಂದು ಭಾನುವಾರ ನೋಡೋಣ ಎನ್ನುವಂತಿಲ್ಲ. ಮರುದಿನ ಹೆಂಡತಿಯ ಅಕ್ಕ, ಭಾವ, ಮೂರು ಮಕ್ಕಳು ಬರುವವರಿದ್ದರು, ಎರಡು ತಿಂಗಳಿಗೆ. ಆ ಭಾವನಿಗೆ ನಿದ್ದೆಯಲ್ಲೂ ಮಾತಾಡುವ ಅಭ್ಯಾಸ.

"ಇವತ್ತು ನಾಲ್ಕರಿಂದ ಆರು ನಿಮ್ಮದು," ಎಂದು ಹೆಂಡತಿ ಮಾತು ಕೊಟ್ಟಿದ್ದಳು. "ಫೋನೂ ನನ್ನ ಹತ್ರಾನೇ ಇರ್ಲಿ. ನಾಳೆಯಿಂದ ಮಾತ್ರ ನನ್ನನ್ನ ಕೇಳ್ಬೇಡಿ."

ಅಂಗಡಿಯಾಕೆ ಎರಡು ಬಗೆಯದನ್ನು ಮೇಜಿನ ಮೇಲಿಟ್ಟಳು. "ಇದು ಮೇಲೆ ಕೂರಿಸೋದು, ಬೇಕಾದ ಕಡೆ ತಿರುಗಿಸ್ಕೋಬಹುದು. ಇದು ಒಳಗೆ ಹುದುಗಿಸೋದು, ತಿರುಗಲ್ಲ."

"ತಿರುಗೋದಾದ್ರೆ, ಯಾವ ಕಡೆ ತಿರುಗಿಸ್ಬೇಕು ಅಂತ ಹೇಳೋಕೆ ಯಾರಾದ್ರೂ ಬರ್ತಾರಾ?"

"ಬರ್ತಾರೆ ಸಾರ್, ಯಾಕೆ ಬರಲ್ಲ?"

"ಹುದುಗಿಸೋದೇ ಕೊಡಿ."

"ತಳ ಮುಚ್ಚಿರೋದನ್ನ ತಗೊಳ್ಳಿ. ತಳ ತೆರೆದಿದ್ರೆ ದೋಣಿ ಹೊಟ್ಟೆಗೆ ನೀರು ಇಳಿಯುತ್ತೆ. ಸೀಟಿನ ಹಿಂದೆ ಒಂದು ಗೇಣು ಬಿಟ್ಟು, ಕೋಲು ಹಿಂದಕ್ಕೂ ಹೊರಕ್ಕೂ ವಾಲೋ ಹಾಗೆ ಕೂರಿಸಿ. ಕೊರೆಯೋಕೆ ಮುಂಚೆ ಒಂದ್ಸಲ ಸೀಟಲ್ಲಿ ಕೂತು ಕೈ ಹಿಂದೆ ಚಾಚಿ ನೋಡಿ. ಕೊರೆದ ಮೇಲೆ ಕೊರೆದದ್ದೇ."

ಅವನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಅವನ ಲೆಕ್ಕದಲ್ಲಿ ಎರಡು ತೂತಿಗೆ ಅರ್ಧ ಗಂಟೆ ಸಾಕಿತ್ತು.

ಆದರೆ ಅವನಿದ್ದದ್ದು ನಾಲ್ಕು ಮಹಡಿಯ ಕಟ್ಟಡದಲ್ಲಿ. ಅಲ್ಲಿ ಯಾರ ಮನೆಯಲ್ಲಿ ಡ್ರಿಲ್ ಸದ್ದಾದರೂ ಉಳಿದವರು ಹೋಗಿ ನೋಡುವುದು ರೂಢಿ. ಸಕ್ಕರೆ ಚೆಲ್ಲಿದ ಮೇಲೆ ಇರುವೆಗೆ ಯಾರೂ ಹೇಳಿ ಕಳಿಸುವುದಿಲ್ಲವಲ್ಲ, ಹಾಗೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಎರಡು ಹಳೆಯ ಟೈರುಗಳ ಮೇಲೆ ಕಯಾಕ್ ಇತ್ತು. ಅವನು ಡ್ರಿಲ್ಲನ್ನು ಪ್ಲಗ್ಗಿಗೆ ಸಿಕ್ಕಿಸಿ, ಸರಿಯಿದೆಯೇ ಎಂದು ನೋಡಲು ಒಮ್ಮೆ ಗುಂಡಿ ಒತ್ತಿದ. ಅಷ್ಟೇ.

ಮೊದಲು ಬಂದವರು ನೆಲಮಹಡಿಯ ಡ್ರೈವರಣ್ಣ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹಿಂದೆಯೇ ಮೊದಲ ಮಹಡಿಯ ಹಲ್ಲಿನ ಡಾಕ್ಟರು, ಮುಖಕ್ಕೆ ಹಚ್ಚಿದ ಶೇವಿಂಗ್ ಸೋಪಿನ ಸಮೇತ. ಮೂರನೇ ಮಹಡಿಯ ಟೈಲರಕ್ಕ ಕತ್ತಿನಲ್ಲಿದ್ದ ಅಳತೆ ಟೇಪನ್ನು ತೆಗೆಯಲು ಮರೆತು ಇಳಿದು ಬಂದರು.

"ಏನು, ತೂತು ಕೊರೀತಿದೀರಾ?" ಡ್ರೈವರಣ್ಣ ಕೇಳಿದರು.

"ಹೂಂ."

"ದೋಣಿಗಾ?"

"ಹೂಂ."

"ಅಲ್ಲ ಸ್ವಾಮಿ, ದೋಣಿಗೆ ತೂತಾದ್ರೆ ಜನ ಮುಚ್ತಾರೆ. ನೀವು ನೀವಾಗೇ ಕೊರೀತಿದೀರಲ್ಲ!"

ಗುಮಾಸ್ತ ಉತ್ತರವಾಗಿ ಹೋಲ್ಡರ್ ತೋರಿಸಿದ. ಅದು ತಪ್ಪಾಯಿತು. ಹೋಲ್ಡರ್ ಮೂವರ ಕೈಯಲ್ಲೂ ತಿರುಗಿತು. ಡಾಕ್ಟರು ಅದರೊಳಗೆ ಒಂದು ಕಣ್ಣಿಟ್ಟು ನೋಡಿದರು. ಟೈಲರಕ್ಕ ಸುತ್ತಳತೆ ತೆಗೆದರು.

"ಮೊದ್ಲು ಸೀಟ್ ಬಿಚ್ರೀ," ಎಂದರು ಡಾಕ್ಟರು. "ಕೊರೆಯುವಾಗ ಉದುರೋ ಪುಡಿಯೆಲ್ಲ ಅದರಡಿ ಸೇರ್ಕೊಂಡ್ರೆ ಕೊಳೆಯುತ್ತೆ. ನಾನು ದಿನಾ ನೋಡ್ತೀನಿ."

ಸೀಟಿಗಿದ್ದದ್ದು ನಾಲ್ಕು ಕೊಂಡಿ. ಗುಮಾಸ್ತ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸಕ್ಕಾಗಿ ಪೆಟ್ಟಿಗೆ ತಡಕಿದರೆ, ಇದ್ದದ್ದು ಬಾಗಿಲ ಬೀಗ ಕೂರಿಸುವ ಅಳತೆಯದು. ಅವನು ಮತ್ತೆ ಅಂಗಡಿಗೆ ಓಡಿದ. ಹೋಗುವಾಗ, "ದಯವಿಟ್ಟು ಯಾರೂ ಏನೂ ಮುಟ್ಬೇಡಿ" ಎಂದು ಹೇಳಿದ. ಮಾವಿನ ಮರದ ಕೋತಿಗೆ ಹೇಳಿದ್ದರೂ ಅಷ್ಟೇ ಫಲವಿರುತ್ತಿತ್ತು.

ಅವನು ಬರುವಷ್ಟರಲ್ಲಿ ಸೀಟು ಸ್ವಸ್ಥಾನ ಸೇರಿತ್ತು. ಅದರ ಮೇಲೆ ಡ್ರೈವರಣ್ಣ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈಯಲ್ಲಿ ಹುಟ್ಟು ಹಿಡಿದು ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಟೈಲರಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸೀಟಿನ ಬೆನ್ನ ಹಿಂದೆ ಎರಡು ವೃತ್ತ ಬರೆದಾಗಿತ್ತು.

"ನಿಮ್ಮ ಕೆಲಸ ಉಳಿಸಿದ್ವಿ ನೋಡಿ," ಎಂದರು ಅವರು. "ನಿಮ್ಮ ಚೀಟೀಲಿ ಬರೆದ ಹಾಗೇ, ಸೊಂಟದಿಂದ ಸರಿಯಾಗಿ ಒಂದು ಗೇಣು. ಸುತ್ತ ಒಂದಿಂಚು ಜಾಸ್ತಿ ಬಿಟ್ಟಿದೀನಿ. ಮುಂದೆ ಬಿಗಿಯಾದ್ರೆ ಬಿಚ್ಕೋಬಹುದು."

ದುಂಡು ಗರಗಸದ ಅಳತೆ ಬದಲಾಗುವುದಿಲ್ಲವಾದ್ದರಿಂದ ಆ ಒಂದಿಂಚಿನಿಂದ ದೋಣಿ ಪಾರಾಯಿತು. ಗುಮಾಸ್ತ ವೃತ್ತದ ನಡುವನ್ನು ಗುರುತಿಸಿದ. ಡ್ರೈವರಣ್ಣ ಕೈ ಹಿಂದೆ ಚಾಚಿದರು. ಬೆರಳು ಸರಿಯಾಗಿ ಗುರುತಿಗೆ ತಾಗಿತು. ಚೀಟಿಯಲ್ಲಿ ಬರೆದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಎಲ್ಲಿಯೂ ವ್ಯತ್ಯಾಸವಿರಲಿಲ್ಲ. ಅವನು ಡ್ರಿಲ್ ಎತ್ತಿದ. ಗುರುತಿನ ಮೇಲಿಟ್ಟ, ಮತ್ತೆ ತೆಗೆದು ಚೀಟಿ ನೋಡಿದ.

"ಕೊಡ್ರೀ ಇಲ್ಲಿ," ಎಂದು ಡಾಕ್ಟರು ಅದನ್ನು ತೆಗೆದುಕೊಂಡರು. "ಕೊರೆಯೋದು ನನ್ನ ಕಸುಬು." ಮುಖದ ಮೇಲೆ ಒಣಗುತ್ತಿದ್ದ ಸೋಪನ್ನು ತೋಳಿನಿಂದ ಒರೆಸಿಕೊಂಡು ದೋಣಿಯ ಮೇಲೆ ಬಾಗಿ, ಅಭ್ಯಾಸಬಲದಿಂದ, "ಸ್ವಲ್ಪ ಜುಮ್ಮೆನ್ನುತ್ತೆ, ಅಲ್ಲಾಡ್ಬೇಡಿ" ಎಂದರು. ದೋಣಿ ಅಲ್ಲಾಡಲಿಲ್ಲ. ಸೀಟಿನಲ್ಲಿದ್ದ ಡ್ರೈವರಣ್ಣ ಮಾತ್ರ ಬಾಯಿ ತೆರೆದುಕೊಂಡು ಕೂತರು.

ತೂತುಗಳು ನಾಣ್ಯ ಒತ್ತಿದಷ್ಟು ದುಂಡಗೆ ಬಂದವು. ನೀರು ಸೋರದಂತೆ ಅಂಚಿಗೆ ಸಿಲಿಕೋನ್ ಅಂಟು ಹಚ್ಚಿ, ಹೋಲ್ಡರ್ ಇಳಿಸಿ, ಸ್ಕ್ರೂ ಬಿಗಿದಾಗ ಹನ್ನೆರಡೂವರೆ. ನಾಲ್ವರೂ ಎರಡು ಹೆಜ್ಜೆ ಹಿಂದೆ ಸರಿದು, ಮಗುವಿನ ಮೊದಲ ಹಲ್ಲು ನೋಡುವಂತೆ ನೋಡಿದರು.

ಆಗ ಹೆಂಡತಿ ಟೀ ಹಿಡಿದು ಬಂದಳು. ಲೋಟಗಳನ್ನು ಹಂಚಿ, ದೋಣಿಯನ್ನು ಒಂದು ಸುತ್ತು ಬಂದಳು.

"ರೀ, ಕಾಲು ಎಲ್ಲಿಡ್ತೀರಿ?"

"ಅಂದ್ರೆ?"

"ಸೀಟಿನ ಮುಂದೆ ಸಪಾಟಾಗಿದೆ. ಕಾಲು ಒತ್ತೋಕೆ ಹಳ್ಳ, ಮೆಟ್ಟಿಲು ಎಲ್ಲ ಹಿಂದುಗಡೆ ಇದೆಯಲ್ಲ."

"ಅದು ಮೀನಿನ ಡಬ್ಬಿ ಇಡೋಕಮ್ಮ," ಎಂದರು ಟೈಲರಕ್ಕ. "ಆಗಲೇ ಮಾತಾಡಿಕೊಂಡ್ವಿ."

ಗುಮಾಸ್ತ ಲೋಟವನ್ನು ನೆಲದ ಮೇಲಿಟ್ಟ. ಬೆಳಿಗ್ಗೆ ಸೀಟು ಬಿಚ್ಚಿದಾಗ ಅದು ಗೋಡೆಯ ಕಡೆ ಮುಖ ಮಾಡಿತ್ತು. ಈಗ ರಸ್ತೆಯ ಕಡೆ ನೋಡುತ್ತಿತ್ತು.

"ಸೀಟ್ ಹಾಕಿದ್ದು ಯಾರು?"

"ನಾನೇ," ಎಂದರು ಡ್ರೈವರಣ್ಣ, ಕೊಂಚ ಹೆಮ್ಮೆಯಿಂದಲೇ. "ಗಾಡಿ ಯಾವಾಗ್ಲೂ ಗೇಟಿನ ಕಡೆ ಮುಖ ಮಾಡಿ ನಿಲ್ಬೇಕು. ಡಿಪೋದಲ್ಲಿ ಮೊದಲ ದಿನ ಹೇಳ್ಕೊಡೋ ಪಾಠ. ಗೋಡೆ ಕಡೆ ಮುಖ ಮಾಡಿ ನಿಲ್ಸಿದ್ರೆ ಮೆಮೋ ಕೊಡೋರು."

"ಇದಕ್ಕೆ ಮುಂದು ಹಿಂದು ಅಂತ ಇದೆ ಡ್ರೈವರಣ್ಣ!"

"ಎರಡೂ ಕಡೆ ಒಂದೇ ಥರ ಚೂಪಾಗಿದೆ. ಒಂದು ಕಡೆಗಾದ್ರೂ ದೀಪ ಹಾಕ್ಸಿದ್ರೆ ಗೊತ್ತಾಗ್ತಿತ್ತು."

"ಪೆಡಲ್ ಇಲ್ವಲ್ಲ ಅಂತ ನಿಮಗಾದ್ರೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು," ಎಂದು ಅವರು ಒಪ್ಪಿಕೊಂಡರು. "ನಿವೃತ್ತಿ ಆಯ್ತಲ್ಲ, ಇನ್ಯಾಕೆ ಅಂತ ಸುಮ್ಮನಾದೆ."

ಸೀಟನ್ನು ಸರಿಯಾಗಿ ತಿರುಗಿಸಿ ಕೂತು ನೋಡಿದಾಗ ಎರಡೂ ಹೋಲ್ಡರು ಅವನ ಮೊಣಕಾಲಿನ ಆಚೆ, ಮುನಿಸಿಕೊಂಡ ನೆಂಟರ ಹಾಗೆ ಬೆನ್ನು ಹಾಕಿ ವಾಲಿದ್ದವು. ಕೈ ಚಾಚಿದರೆ ಸಿಗುವಂತಿರಲಿಲ್ಲ. ಕಿತ್ತರೆ ಎರಡು ದುಂಡು ತೂತು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು. ಡಾಕ್ಟರು, "ಸಿಮೆಂಟ್ ತುಂಬಿಬಿಡೋಣ, ಹಲ್ಲಿಗೆ ತುಂಬಲ್ವಾ?" ಎಂದರು. ಟೈಲರಕ್ಕ ತೇಪೆಯ ಮಾತೆತ್ತಿದರು. ಹೋಲ್ಡರಿಗೆಂದು ಕೊರೆದ ತೂತಿಗೆ ಸರಿಯಾಗಿ ಕೂರುವ ಮುಚ್ಚಳ ಹೋಲ್ಡರು ಮಾತ್ರ ಎಂಬುದು ಗುಮಾಸ್ತನಿಗೆ ಮೆಲ್ಲಗೆ ಹೊಳೆಯಿತು. ಅವು ಅಲ್ಲೇ ಇರಲಿ. ಸರಿಯಾದ ಜಾಗಕ್ಕೆ ಇನ್ನೊಂದು ಜೊತೆ ತರಬೇಕು.

ಮೂರನೇ ಸಲ ಅಂಗಡಿಗೆ ಹೋದಾಗ ಅಂಗಡಿಯಾಕೆ ಮಧ್ಯಾಹ್ನದ ಊಟಕ್ಕೆ ಬಾಗಿಲು ಎಳೆಯುತ್ತಿದ್ದಳು. "ಕೂತು ನೋಡಿದ್ರಾ?" ಎಂದು ಕೇಳಿದಳು.

"ನೋಡಿದ್ರು," ಎಂದ ಗುಮಾಸ್ತ.

ಎರಡನೇ ಜೊತೆ ಕೂರಿಸುವಾಗ ಅವನೇ ಸೀಟಿನಲ್ಲಿ ಕೂತ. ಯಾರು ಏನೇ ಹೇಳಿದರೂ ಏಳಲಿಲ್ಲ. ಎಡಗಡೆ ಕೊರೆಯುವಾಗ ಕರೆಂಟು ಹೋಗಿ ಮುಕ್ಕಾಲು ಗಂಟೆ ಗರಗಸ ದೋಣಿಯ ಮೈಯಲ್ಲಿ ಸಿಕ್ಕಿಕೊಂಡಿತ್ತು. ಅಷ್ಟು ಹೊತ್ತೂ ಮೂವರು ಅವನ ಸುತ್ತ ಕೂತು, ಕೋಲು ಎಷ್ಟು ವಾಲಬೇಕೆಂದು ವಾದಿಸಿದರು. ಡ್ರೈವರಣ್ಣನ ಪ್ರಕಾರ ಬಸ್ಸಿನ ಗೇರಿನಷ್ಟು. ಡಾಕ್ಟರ ಪ್ರಕಾರ ಕುರ್ಚಿಯಲ್ಲಿ ರೋಗಿ ಒರಗುವಷ್ಟು. ಟೈಲರಕ್ಕ, "ಒಂದು ಹುಟ್ಟು ಹಾಕಿದ್ರೆ ಮೊಣಕೈ ಎಲ್ಲಿವರೆಗೆ ಬರುತ್ತೆ ನೋಡಿ, ಅಲ್ಲಿಗೆ ಕೋಲು ತಾಗ್ಬಾರ್ದು, ಅಷ್ಟೇ ಶಾಸ್ತ್ರ" ಎಂದರು. ಆ ಮೂವರಿಂದ ಇಡೀ ದಿನದಲ್ಲಿ ಬಂದ ಒಂದೇ ಸರಿಯಾದ ಮಾತು ಅದಾಗಿತ್ತು. ಗುಮಾಸ್ತನಿಗೆ ಅದನ್ನು ಒಪ್ಪಿಕೊಳ್ಳಲೂ ದಣಿವಾಗಿತ್ತು.

ಕರೆಂಟು ಬಂದ ಮೇಲೆ ಟೈಲರಕ್ಕನ ಹೇರ್ ಡ್ರೈಯರಿನಿಂದ ಸಿಲಿಕೋನ್ ಒಣಗಿಸಿ, ದಾರದಿಂದ ಬಾಯಿ ಕಟ್ಟಿದ ಗಾಳದ ಕೋಲುಗಳ ಚೀಲವನ್ನು ಒಳಗಿಟ್ಟು, ಕಯಾಕನ್ನು ಎರಡು ಚಕ್ರದ ತಳ್ಳುಗಾಡಿಗೇರಿಸಿ ಹೊರಟಾಗ ಮೂರು ನಲವತ್ತು. ಕೆರೆ ಬೀದಿಯ ಕೊನೆಗೇ ಇತ್ತು. ಮುಂದೆ ಡ್ರೈವರಣ್ಣ, "ಬಲಕ್ಕೆ, ಬಲಕ್ಕೆ, ಬರ್ಲಿ, ಹೋಲ್ಡಾನ್!" ಎಂದು ಕೂಗುತ್ತ ಹಿಂದಕ್ಕೆ ನಡೆದರು. ಹಿಂದೆ ಡಾಕ್ಟರು, ಟೈಲರಕ್ಕ, ಹೆಂಡತಿ. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಗೇಟು ತಲುಪಿದರು. ಕಾವಲುಗಾರ ನಾಲ್ಕು ಹೋಲ್ಡರನ್ನೂ ಒಂದು ಸೀಟನ್ನೂ ಎರಡು ಸಲ ನೋಡಿದ.

"ಎಷ್ಟು ಜನ?"

"ಒಬ್ಬನೇ!" ಎಂದ ಗುಮಾಸ್ತ. ಅವನ ದನಿ ಅಷ್ಟು ಜೋರಾಗಿ ಬಂದದ್ದನ್ನು ಹೆಂಡತಿ ಅದೇ ಮೊದಲು ಕೇಳಿದ್ದು.

ದೋಣಿ ನೀರಿಗಿಳಿಯಿತು. ಹುಟ್ಟು ಹಾಕಿದಂತೆಲ್ಲ ದಡದ ಮಾತುಗಳು ಸಣ್ಣಗಾದವು. "ಬೆನ್ನು ನೆಟ್ಟಗೆ..." "ಎಡಗೈ ಸ್ವಲ್ಪ..." ಆಮೇಲೆ ಬಾಯಿ ಆಡುವುದು ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಕೆರೆಯ ನಡುವೆ ಅವನು ಹುಟ್ಟನ್ನು ಅಡ್ಡ ಇಟ್ಟು ಸುಮ್ಮನಾದ. ತೂತುಗಳಿಂದ ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಗಾಳಿಯಿರಲಿಲ್ಲ. ನೀರಹಕ್ಕಿಯೊಂದು ಮುಳುಗಿತು, ದೂರದಲ್ಲಿ ಎದ್ದಿತು. ಅದಕ್ಕೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಹದಿನೇಳು ವರ್ಷದ ಪ್ರಶ್ನೆಗಳು ಕಿವಿಯಿಂದ ಒಂದೊಂದಾಗಿ ಸೋರಿಹೋಗುತ್ತಿರುವಂತೆ ಅವನಿಗೆ ಅನ್ನಿಸಿತು.

ಟಕ್.

ಅವನು ತಿರುಗಿದ. ನೀಲಿ ಕಯಾಕ್ ಒಂದು ಜೊಂಡಿನ ಮರೆಯಿಂದ ಬರುತ್ತಿತ್ತು. ಒಳಗೆ ಅಗಲ ಟೋಪಿಯ ದಪ್ಪ ಮನುಷ್ಯ. ಅವನ ಹೋಲ್ಡರುಗಳು ಸೀಟಿನ ಮಗ್ಗುಲಲ್ಲೇ, ತೊಡೆಗಂಟಿಕೊಂಡು ನೆಟ್ಟಗೆ ನಿಂತಿದ್ದವು. ಹುಟ್ಟು ಹಾಕಿದಾಗೆಲ್ಲ ಮೊಣಕೈ ಕೋಲಿಗೆ ಬಡಿಯುತ್ತಿತ್ತು. ಟಕ್. ಇನ್ನೊಂದು ಕಡೆ, ಟಕ್.

ನಮಗ್ಯಾಕೆ, ಎಂದುಕೊಂಡ ಗುಮಾಸ್ತ. ಮುಖವನ್ನು ಬೇರೆ ಕಡೆ ತಿರುಗಿಸಿದ. ಟಕ್. ಕಣ್ಣು ಮುಚ್ಚಿದ. ಟಕ್. ಒಂದು ಗೇಣು ಹಿಂದೆ ಇಟ್ಟಿದ್ದರೆ ಆಗುತ್ತಿತ್ತು, ಒಂದೇ ಒಂದು ಗೇಣು. ಇದನ್ನು ಆ ಮನುಷ್ಯನಿಗೆ ಯಾರೂ ಹೇಳಿಯೇ ಇಲ್ಲವೇ? ಹೇಳುವವರೇ ಇಲ್ಲದ ಮನುಷ್ಯನೇ? ಟಕ್.

"ಸಾರ್," ಎಂದ ಗುಮಾಸ್ತ. "ತಪ್ಪು ತಿಳ್ಕೋಬೇಡಿ. ನಿಮ್ಮ ಹೋಲ್ಡರ್ ಸ್ವಲ್ಪ ಮುಂದಾಯ್ತು."

ಟೋಪಿಯವನು ತಲೆಯಾಡಿಸಿ ಮುಂದೆ ಹೋದ. ಕೇಳಿಸಲಿಲ್ಲವೇನೋ ಎಂದು ಗುಮಾಸ್ತ ಹಿಂದೆ ಹೋದ.

"ಸೊಂಟದಿಂದ ಹಿಂದಕ್ಕೆ ಇರ್ಬೇಕು ಸಾರ್. ನಾನು ಇವತ್ತೇ ಕೂರಿಸಿದ್ದು, ನೋಡಿ. ಈ ಮುಂದಿನ ಎರಡನ್ನ ನೋಡ್ಬೇಡಿ, ಹಿಂದಿನ ಎರಡು ನೋಡಿ. ಹುಟ್ಟು ಹಾಕ್ತೀನಿ, ತಾಗುತ್ತಾ? ಇಲ್ಲ. ಮೊಣಕೈ ಎಲ್ಲಿವರೆಗೆ ಬರುತ್ತೋ ಅಲ್ಲಿಗೆ ಕೋಲು ತಾಗ್ಬಾರ್ದು, ಅಷ್ಟೇ ಶಾಸ್ತ್ರ."

"ಪರವಾಗಿಲ್ಲ," ಎಂದು ಟೋಪಿಯವನು ಜೊಂಡಿನ ಕಡೆಗೆ ದೋಣಿ ತಿರುಗಿಸಿದ.

"ಪರವಾಗಿಲ್ಲ ಅಂತ ಈಗ ಅನ್ನಿಸುತ್ತೆ. ನಾಳೆ ಹೆಗಲು ಹಿಡ್ಕೊಂಡ್ರೆ? ಅಂದ್ಹಾಗೆ, ತಳ ಮುಚ್ಚಿರೋದೇ ಹಾಕಿದೀರಾ?"

ಜೊಂಡಿನ ಈಚೆಗೂ ಆಚೆಗೂ ನೀಲಿ ದೋಣಿ ಹೋದಲ್ಲೆಲ್ಲ ಹಸಿರು ದೋಣಿ ಹೋಯಿತು. ಗುಮಾಸ್ತ ಸಿಲಿಕೋನ್ ಬಗ್ಗೆ ಹೇಳಿದ. ದುಂಡು ಗರಗಸದ ಅಳತೆ ಹೇಳಿದ. ಸೀಟು ಬಿಚ್ಚಿದರೆ ಯಾರ ಕೈಗೂ ಕೊಡಬಾರದೆಂಬುದನ್ನು ವಿಶೇಷವಾಗಿ ಹೇಳಿದ. ಹುಟ್ಟನ್ನು ಅಳತೆಗೋಲು ಮಾಡಿಕೊಂಡು, ಪಕ್ಕದಿಂದಲೇ ಅವನ ಸೊಂಟದ ದೂರ ತೆಗೆಯಲು ನೋಡಿದ. ಟೋಪಿಯವನು ಮೊದಮೊದಲು ತಲೆಯಾಡಿಸುತ್ತಿದ್ದ, ಆಮೇಲೆ ಅದನ್ನೂ ನಿಲ್ಲಿಸಿದ. ಕೊನೆಗೆ ದೋಣಿ ನಿಲ್ಲಿಸಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತನ್ನ ಎರಡೂ ಹೋಲ್ಡರನ್ನು ಬಿಚ್ಚಿ ಚೀಲಕ್ಕೆ ತುರುಕಿ, ಕೋಲುಗಳನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡ.

"ಈಗ ಸರಿಯಾಯ್ತಾ?"

ಗುಮಾಸ್ತ ಯೋಚಿಸಿದ. "ಈಗ ಕೋಲು ಎಲ್ಲಿಡ್ತೀರಿ ಸಾರ್?"

ಟೋಪಿಯವನು ನೇರವಾಗಿ ದಡಕ್ಕೆ ಹುಟ್ಟು ಹಾಕಿದ. ಅಷ್ಟು ದಪ್ಪ ಮನುಷ್ಯ ಅಷ್ಟು ವೇಗವಾಗಿ ಹೋಗಬಹುದೆಂದು ಯಾರೂ ಊಹಿಸುವಂತಿರಲಿಲ್ಲ. ಆರಂಭಿಸಿದ್ದನ್ನು ಅರ್ಧಕ್ಕೆ ಬಿಡಬಾರದೆಂದು ಗುಮಾಸ್ತನೂ ಹಿಂದೆ ಬಿದ್ದ. ಇಬ್ಬರೂ ದಡ ಮುಟ್ಟುವಾಗ ಕಾವಲುಗಾರ ಆರು ಗಂಟೆಯ ಸೀಟಿ ಊದಿದ. ಹೋಲ್ಡರು ಹೇಗೆ ಕೆಲಸ ಮಾಡಿದವೆಂದು ನೋಡಲು ಡ್ರೈವರಣ್ಣ, ಡಾಕ್ಟರು, ಟೈಲರಕ್ಕ ಹೆಂಡತಿಯ ಜೊತೆ ಅಲ್ಲೇ ಕಾಯುತ್ತಿದ್ದರು.

ಟೋಪಿಯವನು ದೋಣಿಯನ್ನು ದರದರ ಎಳೆದುಕೊಂಡು, "ಈ ಸುತ್ತಮುತ್ತ ಬೇರೆ ಕೆರೆ ಯಾವುದಾದ್ರೂ ಇದೆಯೇನಪ್ಪ?" ಎಂದು ಕಾವಲುಗಾರನನ್ನು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

"ಯಾರ್ರೀ ಅವರು?" ಎಂದಳು ಹೆಂಡತಿ.

"ಪಾಪ, ಏನೂ ಗೊತ್ತಿಲ್ಲ. ಎರಡು ಗಂಟೆ ಬಾಯಿ ಒಣಗಿಸ್ಕೊಂಡೆ," ಎಂದ ಗುಮಾಸ್ತ. "ಒಳ್ಳೇದಕ್ಕೆ ಹೇಳಿದ್ರೆ ಕೇಳೋ ತಾಳ್ಮೇನೇ ಇಲ್ಲ ಜನಕ್ಕೆ."

ಹೆಂಡತಿ ಬಗ್ಗಿ, ದೋಣಿಯೊಳಗಿಂದ ಅವನ ಗಾಳದ ಕೋಲುಗಳ ಚೀಲವನ್ನು ಎತ್ತಿದಳು. ದಾರ ಕಟ್ಟಿದಂತೆಯೇ ಇತ್ತು. ಚೀಲ ಒದ್ದೆಯೂ ಆಗಿರಲಿಲ್ಲ.

"ಬಿಚ್ಚೇ ಇಲ್ವಲ್ರೀ."

ಗುಮಾಸ್ತ ಚೀಲವನ್ನು ನೋಡಿದ. ಖಾಲಿ ನಿಂತ ನಾಲ್ಕು ಹೋಲ್ಡರನ್ನು ನೋಡಿದ. ಆಮೇಲೆ, ಹಕ್ಕಿಯೂ ಇಲ್ಲದೆ ಕಪ್ಪಾಗುತ್ತಿದ್ದ ಕೆರೆಯನ್ನು ನೋಡಿದ. ಆ ನಾಲ್ವರು ಸುತ್ತ ನಿಂತಿರುವಾಗ ನಿಶ್ಶಬ್ದವಾದದ್ದು ಆ ದಿನ ಅದೇ ಮೊದಲು.

ಅದು ಒಂದು ಅರ್ಧ ನಿಮಿಷ ಇದ್ದಿರಬಹುದು. ಡ್ರೈವರಣ್ಣ ಚೀಲದ ಹತ್ತಿರ ಬಗ್ಗಿದರು.

"ಈ ಗಂಟು ಯಾರು ಹಾಕಿದ್ದು? ಹೀಗಲ್ಲ ಸ್ವಾಮಿ ಹಾಕೋದು."